ಎಮರ್ಜೆನ್ಸಿ ಲ್ಯಾಂಡಿಂಗ್ ಗ್ರೌಂಡ್ ಎಂದರೆ ಏನು?

ಯುದ್ಧಕಾಲದ ಏರ್‌ಫೀಲ್ಡ್ ಎಂದರೆ ವಿಮಾನಗಳು ಹೊರಡುವ ಜಾಗ ಎಂದೇ ನಾವು ಅಂದುಕೊಳ್ಳುತ್ತೇವೆ ಅಲ್ವಾ? ಎಮರ್ಜೆನ್ಸಿ ಲ್ಯಾಂಡಿಂಗ್ ಗ್ರೌಂಡ್ ಕಟ್ಟಿದ್ದೇ ಇಳಿಯುವುದಕ್ಕೆ. ಅದೂ ಸರಿಯಾಗಿ ಇಳಿಯಲಾಗದ ವಿಮಾನಗಳಿಗೆ.

ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಮೇಲೆ ಬಾಂಬ್ ಹಾಕಿ ವಾಪಸ್ ಬರುವ ವಿಮಾನಗಳಲ್ಲಿ ಎಷ್ಟೋ ಏಟು ತಿಂದಿರುತ್ತಿದ್ದವು. ಎಂಜಿನ್ ನಿಂತಿರುತ್ತಿತ್ತು, ಬ್ರೇಕ್ ಕೆಟ್ಟಿರುತ್ತಿತ್ತು, ಪೆಟ್ರೋಲ್ ತಳ ಕಂಡಿರುತ್ತಿತ್ತು. ಉತ್ತರ ಸಮುದ್ರ ಹೇಗೋ ದಾಟಿದರೂ ತಮ್ಮ ನೆಲೆಯವರೆಗೆ ಹಾರುವ ಶಕ್ತಿ ಇರುತ್ತಿರಲಿಲ್ಲ. ಅದಕ್ಕೇ ಇಂಗ್ಲೆಂಡಿನ ಪೂರ್ವ ಕರಾವಳಿಗೆ ಹತ್ತಿರದಲ್ಲೇ ಇಂಥ ಮೂರು ಜಾಗ ಮಾಡಿದರು: ವುಡ್‌ಬ್ರಿಡ್ಜ್, ಮ್ಯಾನ್‌ಸ್ಟನ್, ಕಾರ್ನಬಿ.

ವುಡ್‌ಬ್ರಿಡ್ಜ್ ಶುರುವಾದದ್ದು 1943ರ ನವೆಂಬರ್‌ನಲ್ಲಿ, ಕಾಡು ಕಡಿದು. ರನ್‌ವೇ ಒಂದೇ, ಆದರೆ 3,000 ಗಜ ಉದ್ದ, 250 ಗಜ ಅಗಲ! ಮಾಮೂಲಿ ಬಾಂಬರ್ ರನ್‌ವೇಯ ಅಗಲ ಬರೀ 50 ಗಜ. ನನ್ನ ಪ್ರಕಾರ ಇಲ್ಲಿನ ಜಾಣತನವೆಲ್ಲ ಆ ಅಗಲದಲ್ಲೇ ಇದೆ. ಚಕ್ರ ಒಡೆದು ವಿಮಾನ ಪಕ್ಕಕ್ಕೆ ಎಳೆದುಕೊಂಡು ಹೋದರೂ ಕಾಲುವೆಗೋ ಮರಕ್ಕೋ ಬಡಿಯುವುದಿಲ್ಲ. ಅಷ್ಟಗಲವನ್ನು ದೀಪಗಳಿಂದ ಮೂರು ಪಟ್ಟಿಗಳಾಗಿ ಗುರುತಿಸಿದ್ದರು, ಅದರಲ್ಲಿ ಹಸಿರು ದೀಪದ ದಕ್ಷಿಣ ಪಟ್ಟಿಗೆ ರೇಡಿಯೋ ಕೆಟ್ಟವರು ಯಾರನ್ನೂ ಕೇಳದೆ ಸುಮ್ನೆ ಬಂದು ಇಳಿಯಬಹುದಿತ್ತು.

ಮಂಜು ಕವಿದರೆ? ಅದಕ್ಕೆ ‘ಫೈಡೋ’. ರನ್‌ವೇಯ ಎರಡೂ ಬದಿ ಪೈಪ್ ಹಾಕಿ, ಪೆಟ್ರೋಲ್ ಹರಿಸಿ ಬೆಂಕಿ ಹಚ್ಚುತ್ತಿದ್ದರು. ಕಾವಿಗೆ ಮಂಜಿನ ಹನಿ ಆವಿಯಾಗಿ ನೆಲ ಕಾಣುತ್ತಿತ್ತು. ಪೆಟ್ರೋಲಿಗೆ ರೇಷನ್ ಇದ್ದ ಕಾಲದಲ್ಲಿ ಭಾರೀ ದುಂದು, ನಿಜ. ಆದರೆ ಒಂದು ಬಾಂಬರ್‌ನಲ್ಲಿ ಏಳು ಜನ ಇರುತ್ತಿದ್ದರು.

ಈ ಅನುಕೂಲ ಒಮ್ಮೆ ಶತ್ರುವಿಗೂ ಆಯಿತು. 1944ರ ಜುಲೈ 13ರಂದು ದಾರಿ ತಪ್ಪಿದ ಜರ್ಮನಿಯ ಯೂಂಕರ್ಸ್ 88 ಒಂದು ತಮ್ಮದೇ ನೆಲ ಎಂದುಕೊಂಡು ವುಡ್‌ಬ್ರಿಡ್ಜ್‌ನಲ್ಲಿ ಇಳಿದುಬಿಟ್ಟಿತು. ರಾತ್ರಿ ಬೇಟೆಯ ವಿಮಾನ, ಒಳಗೆ ಹೊಸ ರೇಡಾರ್ ಹಾಗೇ ಇತ್ತು. ಅದರ ಜೊತೆಗಿದ್ದ ‘ಫ್ಲೆನ್ಸ್‌ಬರ್ಗ್’ ಎಂಬ ಸಾಧನ ಪರೀಕ್ಷಿಸಿದಾಗ ಬ್ರಿಟಿಷರಿಗೆ ಗಾಬರಿ: ತಮ್ಮ ಬಾಂಬರ್‌ಗಳನ್ನು ಕಾಯಲೆಂದು ಬಾಲಕ್ಕೆ ಕಟ್ಟಿದ್ದ ‘ಮೋನಿಕಾ’ ರೇಡಾರ್‌ನ ಅಲೆಗಳನ್ನೇ ಹಿಡಿದು ಜರ್ಮನ್ನರು ಬೆನ್ನಟ್ಟುತ್ತಿದ್ದರು. ಮೋನಿಕಾವನ್ನು ತೆಗೆಸಿದರು.

ಯುದ್ಧ ಮುಗಿದ ಮೇಲೆ, 1952ರಿಂದ 1993ರವರೆಗೆ ಅಲ್ಲಿ ಅಮೆರಿಕದ ವಾಯುಪಡೆ ಇತ್ತು. ಈಗ ವುಡ್‌ಬ್ರಿಡ್ಜ್ ಎಂದರೆ ಜನರಿಗೆ ನೆನಪಾಗುವುದು 1980ರ ಡಿಸೆಂಬರ್‌ನಲ್ಲಿ ಪಕ್ಕದ ರೆಂಡಲ್‌ಶಮ್ ಕಾಡಿನಲ್ಲಿ ಆ ಸೈನಿಕರು ಕಂಡೆವೆಂದ ‘ಹಾರುವ ತಟ್ಟೆ’. ನನಗಂತೂ ತಾನಾಗಿ ಬಂದಿಳಿದ ಯೂಂಕರ್ಸ್ ಕತೆಯೇ ಜಾಸ್ತಿ ಇಷ್ಟ.