‘ಅಕ್ಕಿರೊಟ್ಟಿ ಎಲ್ಲಿ?’ ಅಂತ ಕೇಳಿದ ರೈಟರ್

ಮೂಡಿಗೆರೆ ರಸ್ತೆಯ ಒಂದು ಹೋಮ್‌ಸ್ಟೇಗೆ ನಾನೇ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ನೋಡೋಕೆ ಚೆನ್ನಾಗಿತ್ತು. ಮೆನುವಿನಲ್ಲಿ ‘ನಮ್ಮ ಪಯಣ’, ‘ಹಸಿರ ಮಡಿಲು’, ‘ಅನುಭವಗಳು’, ‘ಎಕ್ಸ್‌ಪ್ಲೋರ್’ ಅಂತೆಲ್ಲ ಹನ್ನೊಂದು ಹೆಸರು. ಮೂರು ತಿಂಗಳಾದ ಮೇಲೆ ಮಾಲೀಕರು ಫೋನ್ ಮಾಡಿದರು. ‘ಎಲ್ಲರೂ ಸೈಟ್ ನೋಡಿದ್ವಿ ಅಂತಾರೆ ಕಣ್ರೀ. ಆಮೇಲೆ ರೂಮಿಗೆ ಎಷ್ಟು, ದಾರಿ ಹೇಗೆ ಅಂತ ನನ್ನನ್ನೇ ಕೇಳ್ತಾರೆ.’ ಎರಡೂ ಸೈಟಿನಲ್ಲಿದ್ದವು. ಬಾಡಿಗೆ ‘ಅನುಭವಗಳು’ ಒಳಗೆ, ದಾರಿ ‘ಎಕ್ಸ್‌ಪ್ಲೋರ್’ ಒಳಗೆ!

ಹೋಮ್‌ಸ್ಟೇ ಇರುವ ತೋಟಕ್ಕೆ ಹೋದೆ. ಮಾಲೀಕರಿಗೆ ಸೈಟ್ ಬಾಯಿಪಾಠ, ಅವರಿಂದ ಪರೀಕ್ಷೆ ಮಾಡಿಸಿ ಪ್ರಯೋಜನವಿಲ್ಲ. ಎಸ್ಟೇಟ್ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರ ಕೈಗೆ ಫೋನ್ ಕೊಟ್ಟು, ‘ಇಲ್ಲಿಗೆ ಬರುವ ದಾರಿ ಹುಡುಕಿ’ ಅಂದೆ. ಆಮೇಲೆ ಬಾಯಿಮುಚ್ಚಿಕೊಂಡು ಕೂರಬೇಕು, ಅದೇ ಕಷ್ಟ. ಅವರು ಪುಟವನ್ನು ಕೆಳಗಿನ ತನಕ ಎಳೆದರು, ಮತ್ತೆ ಮೇಲಕ್ಕೆ ಬಂದರು. ಮೆನು ತೆರೆಯುವ ಮೂಲೆಯ ಮೂರು ಗೆರೆಗಳ ಮೇಲೆ ಬೆರಳು ಹೋಗಲೇ ಇಲ್ಲ. ತೋರಿಸಿದರೆ, ‘ಓ, ಇದು ಒತ್ತೋದಾ ಸಾರ್? ಡಿಸೈನ್ ಅಂದ್ಕೊಂಡಿದ್ದೆ’ ಅಂದರು.

1981ರ ಜೆರಾಕ್ಸ್ ಸ್ಟಾರ್ ಕಂಪ್ಯೂಟರಿಗಾಗಿ ನಾರ್ಮ್ ಕಾಕ್ಸ್ ಎನ್ನುವವರು ಬರೆದ ಗುರುತು ಅದು. ದಿನವಿಡೀ ಪರದೆ ನೋಡುವ ನಮಗೆ ಒಗ್ಗಿದೆ, ಎಲ್ಲರಿಗೂ ಅಲ್ಲ. ಗೆರೆಗಳ ಪಕ್ಕದಲ್ಲಿ ‘ಮೆನು’ ಅಂತ ಬರೆಯಿರಿ ಎನ್ನುವುದು ನಮ್ಮ ಕಸುಬಿನ ಮಾಮೂಲಿ ಸಲಹೆ. ಬರೆದೆ. ರೈಟರ್ ಖುಷಿಯಾಗಿ ಒತ್ತಿ ನೋಡಿ, ‘ಅಕ್ಕಿರೊಟ್ಟಿ ಎಲ್ಲಿ?’ ಅಂದರು. ಹೋಮ್‌ಸ್ಟೇಯಲ್ಲಿ ಮೆನು ಅಂದರೆ ಊಟದ್ದೇ ಅಲ್ವಾ! ಈಗ ಅಲ್ಲಿ ‘ಎಲ್ಲ ಪುಟಗಳು’ ಅಂತಿದೆ.

ಚಿಕ್ಕಮಗಳೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು ಬೋರ್ಡು ನೋಡಿ. ‘ಹಾಸನ’ ಅಂತ ದಪ್ಪಗೆ, ಬೇಲೂರು ಮಾರ್ಗ ಅಂತ ಸಣ್ಣಗೆ. ‘ಕಲ್ಲು ಹಾಡುವ ನಾಡಿಗೆ’ ಅಂತ ಬರೆದರೆ ಬಸ್ಸು ಖಾಲಿ ಹೋಗುತ್ತದೆ. ನಾನು ಮಾಡಿದ್ದು ಅದನ್ನೇ.

ಹೊಸ ಹೆಸರುಗಳನ್ನು ನಾನು ಕೂತು ಹೊಸೆಯಲಿಲ್ಲ. ಎರಡು ವಾರ ಫೋನಿನಲ್ಲಿ ಜನ ಕೇಳಿದ್ದನ್ನೆಲ್ಲ, ಅವರದೇ ಮಾತಲ್ಲಿ, ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡಲು ಹೇಳಿದೆ. ಒಂದೊಂದು ಪ್ರಶ್ನೆಗೆ ಒಂದೊಂದು ಚೀಟಿ. ಜಗುಲಿಯಲ್ಲಿ ಹರಡಿಕೊಂಡು ಮನೆಯವರೂ ರೈಟರೂ ಸೇರಿ ಗುಂಪು ಮಾಡಿದರು. ಇದಕ್ಕೆ ಕಾರ್ಡ್ ಸಾರ್ಟಿಂಗ್ ಅಂತ ಹೆಸರಿದೆ. ಉಳಿದದ್ದು ಐದು: ರೂಮು ಬಾಡಿಗೆ, ಊಟ, ಬರುವ ದಾರಿ, ಸುತ್ತಮುತ್ತ, ಫೋನ್ ಮಾಡಿ. ಜಾಸ್ತಿ ಕೇಳುವ ಬಾಡಿಗೆ, ದಾರಿ, ಫೋನ್ ಈ ಮೂರನ್ನೂ ಮೊಬೈಲ್ ಪರದೆಯ ಕೆಳಗಡೆ, ಹೆಬ್ಬೆರಳಿಗೆ ಸಿಗುವ ಹಾಗೆ ಯಾವಾಗಲೂ ಕಾಣುವಂತೆ ಇಟ್ಟೆ.

ಐದೇ ಇರಬೇಕೆಂದೇನೂ ಇಲ್ಲ. ಏಳಕ್ಕಿಂತ ಜಾಸ್ತಿ ಬೇಡ ಅಂತ ಕೆಲವರು ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಪ್ರಬಂಧವನ್ನು ಎಳೆದು ತರುತ್ತಾರೆ. ಅದು ನೆನಪಿನ ಮಿತಿಯ ಮಾತು. ಮೆನು ಕಣ್ಣೆದುರೇ ಇರುತ್ತದೆ, ಅದನ್ನು ಯಾರೂ ಬಾಯಿಪಾಠ ಮಾಡಬೇಕಿಲ್ಲ.

ಕನ್ನಡದ ಮೆನುವಿಗೆ ಬೇರೆಯದೇ ಒಂದು ತಾಪತ್ರಯ. ಇಂಗ್ಲಿಷ್ ಅಳತೆಗೆ ಮಾಡಿದ ಸಾಲಿನಲ್ಲಿ ‘ಸುತ್ತಮುತ್ತ’ ಬರೆದು ನೋಡಿ, ಕೆಳಗಿನ ಒತ್ತುಗಳೇ ಕತ್ತರಿಸಿ ಹೋಗುತ್ತವೆ. ನಾನು ಸಾಲಿನ ಎತ್ತರವನ್ನು ಅಕ್ಷರದ ಅಳತೆಯ 1.6 ಪಟ್ಟು ಇಡುತ್ತೇನೆ. ಒತ್ತುವ ಜಾಗಕ್ಕೆ, ವೆಬ್‌ನ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯೂ3ಸಿ 2023ರಲ್ಲಿ ಹೊರತಂದ ಮಾರ್ಗಸೂಚಿ ಕೇಳುವುದು ಕನಿಷ್ಠ 24 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ. ತೋಟದ ಕೆಲಸ ಮಾಡಿದ ಹೆಬ್ಬೆರಳಿಗೆ ಅದು ಸಾಲದು, 48 ಕೊಟ್ಟುಬಿಡಿ. ಇನ್ನು ಮೌಸ್ ಇಟ್ಟರೆ ಮಾತ್ರ ತೆರೆಯುವ ಉಪಮೆನು ಬೇಡವೇ ಬೇಡ. ಬೆರಳನ್ನು ಗಾಳಿಯಲ್ಲಿ ಹಿಡಿದು ನಿಲ್ಲೋಕಾಗುತ್ತಾ?

ಒಂದು ಚೀಟಿ ಮಾತ್ರ ಯಾವ ಗುಂಪಿಗೂ ಸೇರಲಿಲ್ಲ: ‘ಮಳೆಗಾಲದಲ್ಲಿ ಜಿಗಣೆ ಇರುತ್ತಾ?’ ಮಾಲೀಕರು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರು. ‘ಸುತ್ತಮುತ್ತ’ದೊಳಗೆ ಹಾಕೋಣ ಅಂತ ರೈಟರ್ ಈಗಲೂ ಹೇಳುತ್ತಿದ್ದಾರೆ. ನನ್ನ ಓಟೂ ಅವರಿಗೇ.