ಡಿಟೋನೇಟರುಗಳನ್ನು ಹೋಲಿಸುವ ಲೆಕ್ಕ

ಸಂಡೂರಿನ ಕಬ್ಬಿಣದ ಅದಿರಿನ ಗಣಿಗಳಲ್ಲಿ ಬ್ಲಾಸ್ಟಿಂಗ್ ನಡೆದಾಗ ದೂರದಲ್ಲಿದ್ದವರಿಗೆ ಕೇಳುವುದು ಒಂದೇ ಸದ್ದಾದರೂ, ಸಾಲಾಗಿ ಕೊರೆದ ಕುಳಿಗಳು ಸಿಡಿಯುವುದು ಕೆಲವೇ ಮಿಲಿಸೆಕೆಂಡುಗಳ ಅಂತರದಲ್ಲಿ, ಒಂದರ ಹಿಂದೊಂದರಂತೆ. ಈ ಅಂತರ 8 ಮಿಲಿಸೆಕೆಂಡಿಗಿಂತ ಕಡಿಮೆಯಾದರೆ ಕಂಪನದ ಲೆಕ್ಕದಲ್ಲಿ ಎರಡೂ ಕುಳಿಗಳನ್ನು ಒಂದೇ ಸ್ಫೋಟವೆಂದು ಹಿಡಿಯುವುದು ರೂಢಿ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಮಾನದಂಡದಂತೆ, 8 ಹರ್ಟ್ಸ್‌ಗಿಂತ ಕಡಿಮೆ ಆವರ್ತನದ ಕಂಪನದಲ್ಲಿ ನೆಲ ಅಲುಗುವ ವೇಗವು ಊರಿನ ಮನೆಗಳ ಬಳಿ ಸೆಕೆಂಡಿಗೆ 5 ಮಿಲಿಮೀಟರ್, ಚಾರಿತ್ರಿಕ ಕಟ್ಟಡಗಳ ಬಳಿ 2 ಮಿಲಿಮೀಟರ್ ಮೀರುವಂತಿಲ್ಲ. ಕುಮಾರಸ್ವಾಮಿ ದೇವಾಲಯವಿರುವ ಬೆಟ್ಟಸಾಲಿನಲ್ಲಿ ಇದು ಬರೀ ಕಾಗದದ ಮಾತಲ್ಲ.

ಕುಳಿಯಲ್ಲಿನ ಸ್ಫೋಟಕವನ್ನು ಗೊತ್ತುಮಾಡಿದ ಹೊತ್ತಿಗೆ ಸಿಡಿಸುವ ಪುಟ್ಟ ಸಾಧನವೇ ಡಿಟೋನೇಟರು. ಅದರ ಹಳೆಯ ಬಗೆಯಲ್ಲಿ ಕಾಲವನ್ನು ಅಳೆಯುವುದು, ಲೋಹದ ಕೊಳವೆಯೊಳಗೆ ಒತ್ತಿ ತುಂಬಿದ, ಊದುಬತ್ತಿಯಂತೆ ಒಂದು ತುದಿಯಿಂದ ಇನ್ನೊಂದಕ್ಕೆ ಉರಿದುಹೋಗುವ ಮಿಶ್ರಣ. ತುಂಬಿದ ಒತ್ತಡ, ಮಿಶ್ರಣದ ಹದ, ದಾಸ್ತಾನಿನಲ್ಲಿ ಕಳೆದ ಕಾಲ ಇವುಗಳಲ್ಲಿ ತುಸು ವ್ಯತ್ಯಾಸವಾದರೂ ಉರಿಯುವ ವೇಗ ಬದಲಾಗುತ್ತದೆ. ಎಲೆಕ್ಟ್ರಾನಿಕ್ ಡಿಟೋನೇಟರಿನಲ್ಲಿ ಈ ಕೆಲಸವನ್ನು ಚಿಪ್ ಮಾಡುತ್ತದೆ. ಅದರ ತಪ್ಪು ಸಾಮಾನ್ಯವಾಗಿ ಒಂದು ಮಿಲಿಸೆಕೆಂಡಿನ ಆಸುಪಾಸಿನದು.

500 ಮಿಲಿಸೆಕೆಂಡ್ ವಿಳಂಬದ ಹಳೆಯ ಬಗೆಯ ಡಿಟೋನೇಟರುಗಳ ಮಾನಕ ವಿಚಲನೆ, ಎಂದರೆ ಸರಾಸರಿಯ ಸುತ್ತ ಅವು ಎಷ್ಟು ಚದುರುತ್ತವೆ ಎಂಬುದರ ಅಳತೆ, 7.5 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳೋಣ. ಕೇವಲ ಶೇಕಡಾ 1.5, ಕೇಳಲು ಅಲ್ಪವೇ. ಆದರೆ ಅಕ್ಕಪಕ್ಕದ ಎರಡು ಕುಳಿಗಳ ಏರುಪೇರು ಕೂಡಿದಾಗ ಅವುಗಳ ಅಂತರದ ವಿಚಲನೆ ಸುಮಾರು 10.6 ಆಗುತ್ತದೆ. ಯೋಜಿಸಿದ ಅಂತರ 17 ಮಿಲಿಸೆಕೆಂಡ್ ಆಗಿದ್ದರೆ, ಹೆಚ್ಚುಕಡಿಮೆ ಐದು ಜೋಡಿಗಳಲ್ಲಿ ಒಂದು 8ರ ಗೆರೆಯೊಳಗೆ ಬಂದುಬಿಡುತ್ತದೆ. ಸರಾಸರಿ ಕರಾರುವಾಕ್ಕಾಗಿ 500 ಇದ್ದರೂ ಇದು ತಪ್ಪುವುದಿಲ್ಲ. ಆದ್ದರಿಂದ ಎರಡು ತಯಾರಿಕೆಗಳನ್ನು ತೂಗುವಾಗ ಸರಾಸರಿಗಿಂತ ಚದುರಿಕೆಯನ್ನು ನೋಡಬೇಕು.

ತೊಡಕಿರುವುದು ಇಲ್ಲಿಯೇ. ಚದುರಿಕೆಯನ್ನು ನಾಲ್ಕೈದು ಮಾದರಿಗಳಿಂದ ತಿಳಿಯಲಾಗದು. ನಿಜವಾದ ವಿಚಲನೆ 7.5 ಇರುವ ತಯಾರಿಕೆಯಿಂದ ಐದನ್ನು ಸಿಡಿಸಿ ಅಳೆದರೆ, ಕೇವಲ ಆಕಸ್ಮಿಕವಾಗಿ 2.6 ಬರಬಹುದು, 12.5 ಕೂಡ ಬರಬಹುದು. ಮೂವತ್ತನ್ನು ಅಳೆದರೆ ಉತ್ತರ ಬಹುತೇಕ 5.6ರಿಂದ 9.4ರ ನಡುವೆ ನಿಲ್ಲುತ್ತದೆ. ಐದೈದರ ಪರೀಕ್ಷೆ ತೋರಿಸಿ 'ನಮ್ಮದೇ ನಿಖರ' ಎನ್ನುವ ಮಾರಾಟಗಾರರ ಮಾತಿಗೆ, ನನ್ನ ಮಟ್ಟಿಗೆ, ಬೆಲೆಯಿಲ್ಲ. ಆ ಮೂವತ್ತೂ ಒಂದೇ ಪೆಟ್ಟಿಗೆಯವಾಗಿದ್ದರೆ ತಿಳಿಯುವುದು ಆ ಪೆಟ್ಟಿಗೆಯ ಗುಣವಷ್ಟೆ. ಬೇರೆ ಬೇರೆ ತಿಂಗಳು ತಯಾರಾದವುಗಳಿಂದ ಆರಿಸಬೇಕು.

ಎಲೆಕ್ಟ್ರಾನಿಕ್ ಡಿಟೋನೇಟರಿನ ಬೆಲೆ ಹೆಚ್ಚು. ಎಲ್ಲ ಕಡೆಗೂ ಅದೇ ಬೇಕೆಂದೇನಿಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯಂಥ ನೆಲದಡಿಯ ಗಣಿಗಳಲ್ಲಿ ಸುರಂಗ ತೋಡುವಾಗ ಕುಳಿಗಳ ಸರದಿಗಳ ನಡುವೆ ನೂರಾರು ಮಿಲಿಸೆಕೆಂಡುಗಳ ಅಂತರವಿಡುವುದು ಸಾಮಾನ್ಯವಾದ್ದರಿಂದ, ಅಲ್ಲಿ ಹತ್ತು ಮಿಲಿಸೆಕೆಂಡಿನ ಏರುಪೇರಿನಿಂದ ಸರದಿ ತಪ್ಪುವುದಿಲ್ಲ.