ದಾನಿಯ ರಕ್ತದ ಗುಂಪು ಬೇರೆಯಾದರೂ ಅಸ್ಥಿಮಜ್ಜೆಯ ಕಸಿ ಹೇಗೆ ಸಾಧ್ಯ?

ಮತ್ತೆ ಮತ್ತೆ ರಕ್ತ ಹಾಕಿಸಬೇಕಾಗುವ ಆನುವಂಶಿಕ ರೋಗವಾದ ಥಲಸ್ಸೇಮಿಯಾ ಅಥವಾ ರಕ್ತದ ಕ್ಯಾನ್ಸರ್ ಇರುವ ಮಗುವಿಗೆ ಅಸ್ಥಿಮಜ್ಜೆಯ ಕಸಿ ಮಾಡಬೇಕೆಂದು ವೈದ್ಯರು ಹೇಳಿದಾಗ, ಮನೆಯವರ ಮನಸ್ಸು ಮೊದಲು ಓಡುವುದು ಯಾರ ರಕ್ತದ ಗುಂಪು ಯಾವುದು ಎಂಬ ಕಡೆಗೆ. ರಕ್ತ ಕೊಡಲು, ಮೂತ್ರಪಿಂಡ ಕೊಡಲು ಗುಂಪು ನೋಡಲೇಬೇಕೆಂಬುದು ಎಲ್ಲರಿಗೂ ಗೊತ್ತಿರುವುದರಿಂದ, ಮಗುವಿನದು ಒ, ಅಣ್ಣನದು ಬಿ ಎಂದಾದರೆ ಅಣ್ಣನನ್ನು ಲೆಕ್ಕದಿಂದ ಬಿಡುವುದು ಸಹಜ. ಅಸ್ಥಿಮಜ್ಜೆಯ ಕಸಿ ಎಂದರೆ ಅದರಲ್ಲಿನ, ರಕ್ತವನ್ನು ಹುಟ್ಟಿಸುವ ಕಾಂಡಕೋಶಗಳ ಕಸಿ, ಅದರಲ್ಲಿ ಈ ಲೆಕ್ಕ ತಪ್ಪು. ಅಣ್ಣನೇ ಅತ್ಯುತ್ತಮ ದಾನಿಯಾಗಿರಬಹುದು, ಗುಂಪು ಬೇರೆ ಎಂಬ ಒಂದೇ ಕಾರಣಕ್ಕೆ ಅವನನ್ನು ಪರೀಕ್ಷೆಗೆ ಕಳಿಸದೆ ಇರಬಾರದು.

ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ವಿವರಿಸಿದ ಮೇಲೆ ರಕ್ತ ಕೊಡುವ ಕ್ರಿಯೆಗೆ ಒಂದು ನಿಯಮ ಸಿಕ್ಕಿತು. ಎ, ಬಿ ಎಂಬವು ಕೆಂಪು ಕಣಗಳ ಮೇಲಿನ ಗುರುತುಗಳು, ಒ ಗುಂಪಿನಲ್ಲಿ ಎರಡೂ ಇಲ್ಲ. ಎ ಗುಂಪಿನವರ ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ, ಬಿ ವಿರುದ್ಧದ ಪ್ರತಿಕಾಯಗಳೂ ಬಿ ಗುಂಪಿನವರಲ್ಲಿ ಎ ವಿರುದ್ಧದವೂ ಒ ಗುಂಪಿನವರಲ್ಲಿ ಎರಡರ ವಿರುದ್ಧದವೂ ಇರುತ್ತವೆ. ಎಬಿ ಗುಂಪಿನವರಲ್ಲಿ ಯಾವುದೂ ಇರುವುದಿಲ್ಲ. ಆದರೆ ಅಸ್ಥಿಮಜ್ಜೆಯ ಕಸಿಗೆ ಈ ನಿಯಮ ಸಾಲಲಿಲ್ಲ. ಅಮೆರಿಕದ ಡಾನಲ್ ಥಾಮಸ್ 1957ರಲ್ಲಿ ಆರು ರೋಗಿಗಳಿಗೆ ಅಸ್ಥಿಮಜ್ಜೆಯನ್ನು ರಕ್ತನಾಳದ ಮೂಲಕ ಕೊಟ್ಟ ವರದಿ ಪ್ರಕಟಿಸಿದರು. ಅವರಲ್ಲಿ ಯಾರೂ ಬಹುಕಾಲ ಬದುಕುಳಿಯಲಿಲ್ಲ. ರೋಗಿಯ ದೇಹ ದಾನಿಯ ಕೋಶಗಳನ್ನು ತಿರಸ್ಕರಿಸುವುದಕ್ಕೂ, ದಾನಿಯ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತುಗಳ ಮೇಲೆ ತಿರುಗಿ ಬೀಳುವುದಕ್ಕೂ ಬೇರೊಂದು ಗುರುತು ಕಾರಣವಾಗಿತ್ತು. ಫ್ರಾನ್ಸಿನ ಜಾನ್ ದೋಸೆ 1958ರಲ್ಲಿ ಬಿಳಿ ರಕ್ತಕಣಗಳ ಮೇಲೆ ಗುರುತಿಸಿದ ಪ್ರತಿಜನಕದಿಂದ (ಪ್ರತಿಕಾಯಗಳು ಗುರಿಯಾಗಿಸುವ ಗುರುತಿನಿಂದ), ತನ್ನ ಕೋಶ ಯಾವುದು, ಪರರದು ಯಾವುದು ಎಂದು ದೇಹ ತಿಳಿಯುವ ಆ ಎಚ್‌ಎಲ್‌ಎ ವ್ಯವಸ್ಥೆ ಬೆಳಕಿಗೆ ಬರತೊಡಗಿತು. ಈ ಕೆಲಸಕ್ಕಾಗಿ ಅವರು 1980ರಲ್ಲಿ, ಕಸಿಗಾಗಿ ಥಾಮಸ್ 1990ರಲ್ಲಿ ನೊಬೆಲ್ ಪುರಸ್ಕಾರ ಹಂಚಿಕೊಂಡರು.

ಎಚ್‌ಎಲ್‌ಎ ವಂಶವಾಹಿಗಳು ಆರನೆಯ ವರ್ಣತಂತುವಿನಲ್ಲಿವೆ, ರಕ್ತದ ಗುಂಪನ್ನು ನಿರ್ಧರಿಸುವ ವಂಶವಾಹಿ ಒಂಬತ್ತನೆಯದರಲ್ಲಿದೆ. ಎರಡೂ ತಂದೆ ತಾಯಿಯಿಂದ ಮಗುವಿಗೆ ಬರುವಾಗ ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆ. ಒಡಹುಟ್ಟಿದ ಒಬ್ಬರ ಎಚ್‌ಎಲ್‌ಎ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಹಾಗೆ ಹೊಂದಿದವರ ರಕ್ತದ ಗುಂಪೂ ಹೊಂದಲೇಬೇಕೆಂದು ಹಟ ಹಿಡಿದರೆ ದಾನಿಗಳು ಉಳಿಯುವುದು ಕಷ್ಟ. ಸುಮಾರು ಮೂರರಲ್ಲಿ ಒಂದರಿಂದ ಅರ್ಧದಷ್ಟು ಕಸಿಗಳು ಗುಂಪು ಬೇರೆ ಇರುವ ದಾನಿಗಳಿಂದಲೇ ನಡೆಯುತ್ತವೆ.

ಇದು ಇತ್ತೀಚಿನ ಧೈರ್ಯವೇನೂ ಅಲ್ಲ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ರಾಬರ್ಟ್ ಗುಡ್ ಮತ್ತು ಸಂಗಡಿಗರು 1968ರಲ್ಲಿ, ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯಿಲ್ಲದ ಎಳೆಯ ಗಂಡುಮಗುವಿಗೆ ಅಕ್ಕನ ಅಸ್ಥಿಮಜ್ಜೆ ಕೊಟ್ಟು ಉಳಿಸಿಕೊಂಡರು. ಬೇರೊಬ್ಬರ ಮಜ್ಜೆಯಿಂದ ದೀರ್ಘಕಾಲ ಫಲಿಸಿದ ಮೊದಲ ಕಸಿಗಳಲ್ಲಿ ಅದು ಒಂದು. ಮಗುವಿನ ಗುಂಪು ಎ, ಅಕ್ಕನದು ಒ. ಮಧ್ಯೆ ತೊಡಕಾಗಿ ಅದೇ ಅಕ್ಕನಿಂದ ಎರಡನೆಯ ಬಾರಿ ಮಜ್ಜೆ ಕೊಡಬೇಕಾಯಿತು, ಕೊನೆಗೆ ಮಗುವಿನ ರಕ್ತವೇ ಒ ಗುಂಪಿನದಾಯಿತು. ಗುಂಪಿನ ವ್ಯತ್ಯಾಸವನ್ನು ದಾಟಬಹುದೆಂಬುದೂ ಅದು ತೊಂದರೆ ಕೊಡಬಲ್ಲದೆಂಬುದೂ ಒಂದೇ ಮಗುವಿನಲ್ಲಿ ಕಂಡವು.

ಮೂತ್ರಪಿಂಡದ ರಕ್ತನಾಳಗಳ ಒಳಪದರದ ಮೇಲೆ ಎ, ಬಿ ಗುರುತುಗಳಿರುವುದರಿಂದ ರೋಗಿಯ ಪ್ರತಿಕಾಯಗಳು ಆ ಅಂಗವನ್ನೇ ಹಾಳುಮಾಡಬಲ್ಲವು. ರಕ್ತವನ್ನು ಹುಟ್ಟಿಸುವ ಆದಿಯ ಕಾಂಡಕೋಶಗಳ ಮೇಲೆ ಈ ಗುರುತುಗಳಿಲ್ಲ, ಆದ್ದರಿಂದ ಅವು ರೋಗಿಯ ಮಜ್ಜೆಯಲ್ಲಿ ನೆಲೆಯೂರುತ್ತವೆ. ಪೆಟ್ಟು ಬೀಳುವುದು ಅವುಗಳ ಜೊತೆ ಬರುವ ಕೆಂಪು ಕಣಗಳಿಗೆ, ಅಥವಾ ಅವು ಮುಂದೆ ಹುಟ್ಟಿಸುವ ಕೆಂಪು ಕಣಗಳಿಗೆ.

ಒ ಗುಂಪಿನ ರೋಗಿಗೆ ಎ ಗುಂಪಿನ ದಾನಿ ಸಿಕ್ಕ ಸಂದರ್ಭವನ್ನು ನೋಡೋಣ. ಸೊಂಟದ ಮೂಳೆಯಿಂದ ಎಳೆದ ಮಜ್ಜೆ ಸುಮಾರು ಒಂದು ಲೀಟರ್ ಇರಬಹುದು, ಅದರಲ್ಲಿ ಇನ್ನೂರರಿಂದ ನಾನ್ನೂರು ಮಿಲಿಲೀಟರಿನಷ್ಟು ಕೆಂಪು ಕಣಗಳೇ ಇರುತ್ತವೆ. ಅದನ್ನು ಹಾಗೆಯೇ ಹರಿಯಬಿಟ್ಟರೆ ರೋಗಿಯ ಪ್ರತಿಕಾಯಗಳು ಆ ಕಣಗಳನ್ನು ಒಮ್ಮೆಲೇ ಒಡೆದು ಹಾಕುತ್ತವೆ, ಮೂತ್ರಪಿಂಡಗಳಿಗೂ ಹಾನಿಯಾಗಬಹುದು. 1970ರ ದಶಕದ ಕೊನೆಯಲ್ಲಿ ಸಿಯಾಟಲ್ ಮತ್ತು ಲಾಸ್ ಏಂಜಲೀಸ್‌ನ ತಂಡಗಳು ರೋಗಿಯ ಪ್ಲಾಸ್ಮಾವನ್ನು ಬದಲಿಸಿ ಪ್ರತಿಕಾಯ ತಗ್ಗಿಸುವ ದಾರಿ ಹಿಡಿದವು. ಮುಂದೆ, ಮಜ್ಜೆಯ ಕಡೆಯಿಂದಲೇ ಕೆಂಪು ಕಣ ತೆಗೆಯುವ ರೀತಿ ಬಳಕೆಗೆ ಬಂತು: ಪಿಷ್ಟದ ದ್ರಾವಣ ಬೆರೆಸಿದ ಚೀಲವನ್ನು ತೂಗುಹಾಕಿದರೆ ಕೆಂಪು ಕಣಗಳು ನಿಧಾನವಾಗಿ ತಳಕ್ಕೆ ಇಳಿಯುತ್ತವೆ, ತಂತ್ರಜ್ಞರು ಆ ಕಡುಗೆಂಪು ಪದರವನ್ನು ಕೆಳಗಿನ ನಳಿಕೆಯಿಂದ ಬಸಿದು ಮೇಲಿನ ತೆಳು ದ್ರವವನ್ನು ಉಳಿಸಿಕೊಳ್ಳುತ್ತಾರೆ. ಒಂದಿಷ್ಟು ಕಾಂಡಕೋಶಗಳೂ ಇದರಲ್ಲಿ ಕಳೆದುಹೋಗುತ್ತವೆ. ದಾನಿ ಚಿಕ್ಕ ಮಗುವಾಗಿದ್ದರೆ ಈ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ದಾನಿಗೆ ಚುಚ್ಚುಮದ್ದು ಕೊಟ್ಟು ತೋಳಿನ ರಕ್ತನಾಳದಿಂದ ಯಂತ್ರದ ಮೂಲಕ ಕಾಂಡಕೋಶ ಸಂಗ್ರಹಿಸುವ ವಿಧಾನ 1990ರ ದಶಕದಲ್ಲಿ ಹರಡಿದಾಗ ಈ ಕಷ್ಟ ಬಹಳ ಕಡಿಮೆಯಾಯಿತು, ಏಕೆಂದರೆ ಆ ಚೀಲದಲ್ಲಿ ಕೆಂಪು ಕಣಗಳು ತೀರಾ ಕಡಿಮೆ.

ಅಷ್ಟಕ್ಕೇ ಎಲ್ಲವೂ ಮುಗಿಯುವುದಿಲ್ಲ. ಪ್ರತಿಕಾಯ ತಯಾರಿಸುವ ರೋಗಿಯ ಹಳೆಯ ಕೋಶಗಳು ಕಸಿಗೆ ಮೊದಲು ಕೊಡುವ ತೀವ್ರ ಔಷಧಿಗಳನ್ನೂ ತಡೆದುಕೊಂಡು ತಿಂಗಳುಗಟ್ಟಲೆ ಬದುಕಿರಬಹುದು. ಆಗ ಬಿಳಿ ಕಣ, ಪ್ಲೇಟ್‌ಲೆಟ್‌ಗಳು ಏರಿದರೂ ಕೆಂಪು ಕಣ ಮಾತ್ರ ಹುಟ್ಟುವುದಿಲ್ಲ. ರೋಗಿ ಮತ್ತೆ ಮತ್ತೆ ರಕ್ತ ಹಾಕಿಸಿಕೊಳ್ಳುತ್ತಾ, ಮೈಯಲ್ಲಿ ಕಬ್ಬಿಣಾಂಶ ತುಂಬಿಸಿಕೊಳ್ಳುತ್ತಾ ಕಾಯಬೇಕು. ಥಲಸ್ಸೇಮಿಯಾದಿಂದ ಬಿಡುಗಡೆ ಬೇಡಿ ಬಂದ ಕುಟುಂಬಕ್ಕೆ ಈ ಕಾಯುವಿಕೆ ಎಷ್ಟು ಕಠಿಣ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಮಯಲೋಮಾ ಎಂಬ ಕ್ಯಾನ್ಸರಿಗೆ ಬಳಸುವ ಡಾರಾಟುಮುಮಾಬ್ ಎಂಬ ಔಷಧಿ ಈ ತೊಡಕಿಗೂ ಕೆಲಸ ಮಾಡಬಲ್ಲದೆಂಬ ವರದಿ 2018ರಲ್ಲಿ ಬಂದದ್ದು ಇಂಥವರಿಗೆ ನಿಜವಾದ ಸಮಾಧಾನ.

ಎ ಗುಂಪಿನ ರೋಗಿಗೆ ಒ ಗುಂಪಿನ ದಾನಿಯಾದರೆ ಅಪಾಯದ ದಿಕ್ಕು ಬದಲಾಗುತ್ತದೆ. ಚೀಲದಲ್ಲಿನ ಪ್ಲಾಸ್ಮಾವನ್ನು ಮೊದಲೇ ಬೇರ್ಪಡಿಸಬಹುದು, ಆದರೆ ಜೊತೆಯಲ್ಲಿ ಬಂದ ದಾನಿಯ ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳು ಕಸಿಯಾದ ಐದರಿಂದ ಹದಿನೈದು ದಿನಗಳ ನಡುವೆ ಎ ವಿರುದ್ಧ ಪ್ರತಿಕಾಯ ತಯಾರಿಸತೊಡಗಿ, ಹಿಮೋಗ್ಲೋಬಿನ್ ದಿಢೀರನೆ ಕುಸಿಯುವಂತೆ ಮಾಡಬಲ್ಲವು. ಆ ಎರಡು ವಾರ ಮೂತ್ರದ ಬಣ್ಣವನ್ನೂ ರಕ್ತದ ಪರೀಕ್ಷೆಗಳನ್ನೂ ಬಿಡದೆ ಗಮನಿಸುವುದು ಇದಕ್ಕಾಗಿಯೇ.

ಹೀಗಿದ್ದ ಮೇಲೆ ಬದುಕುಳಿಯುವಿಕೆಯ ಮೇಲೆ ಪರಿಣಾಮವಿಲ್ಲವೇ? ಉತ್ತರ ಏಕಮುಖವಾಗಿಲ್ಲ. ಎಚ್‌ಎಲ್‌ಎ ಹೊಂದಿದ ಒಡಹುಟ್ಟಿದವರಿಂದ ಕಸಿ ಪಡೆದ, ಆರಂಭಿಕ ಹಂತದ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ 2005ರ ಅಧ್ಯಯನ ಬದುಕುಳಿಯುವಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸಂಬಂಧಿಕರಲ್ಲದ ದಾನಿಗಳ ಬಗೆಗಿನ ಜಪಾನಿನ 2008ರ ವರದಿ ಗುಂಪು ಬೇರೆಯಾದವರಲ್ಲಿ ಫಲಿತಾಂಶ ಕೆಳಗಿತ್ತೆಂದಿತು. ನನಗೆ ಸರಿ ತೋರುವುದು ವೈದ್ಯರು ಸಾಮಾನ್ಯವಾಗಿ ಪಾಲಿಸುವ ಕ್ರಮವೇ: ಎಚ್‌ಎಲ್‌ಎ ಮೊದಲು, ಬಳಿಕ ದಾನಿಯ ವಯಸ್ಸು ಮತ್ತು ಸೋಂಕುಗಳ ಇತಿಹಾಸ, ಎಲ್ಲದರಲ್ಲೂ ಸಮನಾದ ಇಬ್ಬರು ಸಿಕ್ಕರೆ ಆಗ ರಕ್ತದ ಗುಂಪು. ಅರ್ಧ ಮಾತ್ರ ಹೊಂದುವ ತಂದೆ ತಾಯಿಯರಿಂದಲೂ ಕಸಿ ನಡೆಯುತ್ತಿರುವ ಈಗ, ಒಬ್ಬರಿಗಿಂತ ಹೆಚ್ಚು ದಾನಿಗಳು ಇರುವ ಮನೆಗಳಲ್ಲಿ ಈ ಕೊನೆಯ ಪ್ರಶ್ನೆ ಮತ್ತೆ ಮುಂದೆ ಬರುತ್ತದೆ.

ಭಾರತದಲ್ಲಿ 1983ರಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ, 1986ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಈ ಕಸಿ ಆರಂಭವಾಯಿತು. ಬೆಂಗಳೂರಿನ ಡಿಕೆಎಂಎಸ್ ಫೌಂಡೇಷನ್ ಇಂಡಿಯಾ, ಚೆನ್ನೈನ ದಾತ್ರಿ ಸಂಸ್ಥೆಗಳು ದಾನಿಗಳ ಕೆನ್ನೆಯ ಒಳಭಾಗದಿಂದ ಮಾದರಿ ತೆಗೆದು ನೋಂದಾಯಿಸುವುದೂ ಎಚ್‌ಎಲ್‌ಎಗಾಗಿಯೇ. ಅಲ್ಲಿ ಯಾವ ಗುಂಪಿನವರೂ ಹೆಸರು ಕೊಡಬಹುದು.

ಹೊಣೆಯ ದೊಡ್ಡ ಪಾಲು ಈಗ ರಕ್ತನಿಧಿಯ ಮೇಲಿದೆ. ಕಸಿಯಾದವರ ಬೇಡಿಕೆ ಚೀಟಿಯಲ್ಲಿ ರೋಗಿಯ ಗುಂಪು, ದಾನಿಯ ಗುಂಪು ಎರಡನ್ನೂ ಬರೆಯಬೇಕು. ಒ ದಾನಿಯ ಎ ರೋಗಿಗೆ ಕೆಂಪು ಕಣ ಒ ಗುಂಪಿನದು, ಪ್ಲಾಸ್ಮಾ ಎ ಅಥವಾ ಎಬಿ ಗುಂಪಿನದು ಬೇಕು. ವರ್ಷಗಳ ಬಳಿಕವೂ ಅವರ ಕಣಗಳು ಒ ಎಂದು ತೋರಿದರೂ ಪ್ಲಾಸ್ಮಾದಲ್ಲಿ ಎ ವಿರುದ್ಧದ ಪ್ರತಿಕಾಯ ಸಾಮಾನ್ಯವಾಗಿ ಇರುವುದಿಲ್ಲ, ಏಕೆಂದರೆ ಮೈಯ ಉಳಿದ ಅಂಗಾಂಶಗಳ ಮೇಲೆ ಎ ಗುರುತು ಹಾಗೆಯೇ ಇದೆ. ಎರಡು ಪರೀಕ್ಷೆಗಳು ತಾಳೆಯಾಗದೆ ಹೊಸ ಊರಿನ ಪ್ರಯೋಗಾಲಯ ಗೊಂದಲಕ್ಕೆ ಬೀಳದಿರಬೇಕಾದರೆ, ಕಸಿಯ ವಿವರವಿರುವ ಬಿಡುಗಡೆ ಪತ್ರದ ಪ್ರತಿಯನ್ನು ರೋಗಿ ಸದಾ ಜೊತೆಯಲ್ಲಿಟ್ಟುಕೊಂಡು, ರಕ್ತ ಬೇಕಾದ ಸಂದರ್ಭದಲ್ಲಿ ಹಳೆಯ ಗುಂಪಿನ ಕಾರ್ಡಿಗಿಂತ ಮೊದಲು ಅದನ್ನು ತೋರಿಸಬೇಕು.